ಕಕ್ಕದ ಲೆಕ್ಕ

ಮೊದಲೇ ಹೇಳಿಬಿಡ್ತೀನಿ. ಊಟ ಮಾಡ್ತಾ ಬ್ಲಾಗ್ ಓದೋ ಅಭ್ಯಾಸ ಇರೋರು ಕೈ ತೊಳೆದುಕೊಂಡು ಆಮೇಲೆ ಬನ್ನಿ. ಇವತ್ತಿನ ವಿಷಯ ಹಸುಗೂಸಿನ ಕಕ್ಕ. ಹೌದು, ಅದೇ. ಮಳೆ, ಮೊದಲ ಪ್ರೀತಿ, ಬೆಂಗಳೂರಿನ ಟ್ರಾಫಿಕ್ಕು... ಇವುಗಳ ಬಗ್ಗೆ ನಾವು ಬ್ಲಾಗಿಗರು ಬೇಕಾದಷ್ಟು ಬರೆದಾಗಿದೆ. ಇದರ ಬಗ್ಗೆ ಮಾತ್ರ ಬರೆಯೋಕೆ ಎಲ್ಲರಿಗೂ ನಾಚಿಕೆ. ಆ ನಾಚಿಕೆಗೆ ಯಾರು ಬೆಲೆ ತೆರ್ತಾರೆ ಅಂತ ಹೇಳೋದಕ್ಕೇ ಈ ಪೋಸ್ಟು.

ನನ್ನ ಹೆಂಡತಿಯ ತವರು ಸುತ್ತೂರು. ನಂಜನಗೂಡು ತಾಲ್ಲೂಕು, ಕಪಿಲೆಯ ದಡ, ಮಠ ಇರೋ ಊರು. ಬಾಣಂತನಕ್ಕೆ ಅಲ್ಲಿಗೇ ಹೋಗಿದ್ದಳು. ಮಗುವಿಗೆ ಏಳು ವಾರ ಆಗಿದ್ದಾಗ ಒಂದು ಗುರುವಾರ ಮಧ್ಯಾಹ್ನ ಫೋನು. ನಾನು ಮೀಟಿಂಗಿನಲ್ಲಿದ್ದೆ. ಆ ಕಡೆಯಿಂದ ಬರೀ ಅಳು. ಜೀವವೇ ಹೋದ ಹಾಗಾಯ್ತು. ಎದ್ದು ಹೊರಗೆ ಬಂದು ಕೇಳಿದರೆ, "ಪಾಪು ಐದು ದಿನದಿಂದ ಕಕ್ಕ ಮಾಡಿಲ್ಲ. ಎಲ್ಲಾ ನನ್ನಿಂದಲೇ ಅಂತೆ."

ಆ ಎರಡನೇ ವಾಕ್ಯವನ್ನ ಸ್ವಲ್ಪ ಗಮನಿಸಿ. ಮುಂದೆ ಅದಕ್ಕೇ ಬರ್ತೀನಿ.

ರಾತ್ರಿ ಹತ್ತರ ಹೊತ್ತಿಗೆ ಊರು ಸೇರಿದೆ. ಮನೆಯಲ್ಲಿ ಪಂಚಾಯ್ತಿ ಸೇರಿತ್ತು. ಅತ್ತೆ, ಅಜ್ಜಿ, ಎದುರುಮನೆಯ ದೊಡ್ಡಮ್ಮ, ಮೈಸೂರಿನಿಂದ ಫೋನಿನಲ್ಲೇ ಹಾಜರಾಗಿದ್ದ ಚಿಕ್ಕಮ್ಮ. ಮಗು ನಡುವೆ ಚಾಪೆಯ ಮೇಲೆ ಕಾಲು ಆಡಿಸ್ತಾ ಸೂರು ನೋಡಿ ನಗ್ತಾ ಇತ್ತು. ಅದೊಂದನ್ನ ಬಿಟ್ಟು ಮಿಕ್ಕೆಲ್ಲರಿಗೂ ಚಿಂತೆ.

"ಹಾಲು ಕೆಟ್ಟದೆ ಕಣವ್ವ. ಸೋಮವಾರ ಮೊಸರು ತಿಂದವ್ಳೆ. ಬಾಳೆಹಣ್ಣು ತಿಂದವ್ಳೆ. ಇನ್ನೇನಾದದು? ಹೊಟ್ಟೆ ಕಟ್ಕಂಡದೆ" ಅಂತ ಅಜ್ಜಿಯ ತೀರ್ಪು. ನನ್ನಾಕೆ ಗೋಡೆಗೆ ಒರಗಿ ಕೂತಿದ್ದಳು, ಕಳ್ಳತನ ಮಾಡಿ ಸಿಕ್ಕಿಬಿದ್ದವಳ ಹಾಗೆ. ಅವಳ ತಟ್ಟೆಯಲ್ಲಿ ಅನ್ನ, ಮೆಣಸಿನ ಸಾರು, ಅಷ್ಟೇ. ತರಕಾರಿ ಇಲ್ಲ, ಹಣ್ಣಿಲ್ಲ, ಕೇಳಿದಷ್ಟು ನೀರೂ ಇಲ್ಲ.

ಚಿಕಿತ್ಸೆ ಆಗಲೇ ಶುರುವಾಗಿತ್ತು. ತೇಯೋ ಕಲ್ಲಿನ ಮೇಲೆ ಬಜೆ ಎರಡು ಸುತ್ತು, ಅಳಲೆಕಾಯಿ ಒಂದು ಸುತ್ತು, ಜೇನುತುಪ್ಪದಲ್ಲಿ ಕಲಸಿ ನಾಲಿಗೆಗೆ. ಸಾಲದ್ದಕ್ಕೆ ಅಂಗಡಿಯ ಗ್ರೈಪ್ ವಾಟರು. ಮಾರನೇ ದಿನಕ್ಕೆ ವೀಳ್ಯದೆಲೆಯ ತೊಟ್ಟನ್ನ ಹರಳೆಣ್ಣೆಯಲ್ಲಿ ಅದ್ದಿ ಹಿಂದಿನಿಂದ ಇಡೋ ಕಾರ್ಯಕ್ರಮ ಗೊತ್ತಾಗಿತ್ತು. "ಒಂದು ದಿನ ತಡೀರಿ, ಡಾಕ್ಟರಿಗೆ ತೋರಿಸೋಣ" ಅಂತ ಕೈಮುಗಿದು ಕೇಳಿಕೊಂಡೆ. ಅಳಿಯ ಅನ್ನೋ ಮರ್ಯಾದೆಗೆ ತಡೆದರು.

ಬೆಳಗ್ಗೆ ಒಂದು ಕ್ಲಿನಿಕ್ಕಿಗೆ ಹೋದ್ವಿ. ಯಾವ ಊರು, ಯಾವ ಡಾಕ್ಟರು ಅಂತ ಕೇಳಬೇಡಿ. ಎರಡು ನಿಮಿಷ. ಮಗುವಿನ ಬಟ್ಟೆ ಬಿಚ್ಚಲಿಲ್ಲ, ಹೊಟ್ಟೆ ಮುಟ್ಟಲಿಲ್ಲ, ತೂಕ ನೋಡಲಿಲ್ಲ. "ತಾಯಿ ಹಾಲು ಸಾಲ್ತಿಲ್ಲ, ಜೀರ್ಣ ಆಗ್ತಿಲ್ಲ" ಅಂತ ಹೇಳಿ ಒಂದು ಡ್ರಾಪ್ಸು, ಒಂದು ಡಬ್ಬಿ ಹಾಲಿನ ಪುಡಿಯ ಹೆಸರು ಬರೆದುಕೊಟ್ಟರು. ಸಾಲ್ತಿಲ್ವಾ, ಜೀರ್ಣ ಆಗ್ತಿಲ್ವಾ, ಎರಡರಲ್ಲಿ ಯಾವುದು ಅಂತ ಕೇಳೋಷ್ಟರಲ್ಲಿ ಮುಂದಿನ ನಂಬರ್ ಕರೆದಾಗಿತ್ತು. ಶಿಶುವಿನ ಡಬ್ಬಿ ಹಾಲನ್ನ ಜಾಹೀರಾತು ಮಾಡೋದೇ ತಪ್ಪು ಅಂತ ನಮ್ಮ ದೇಶದಲ್ಲಿ 1992ರಲ್ಲೇ ಕಾಯ್ದೆ ಬಂದಿದೆ, 2003ರಲ್ಲಿ ಅದನ್ನ ಇನ್ನಷ್ಟು ಬಿಗಿ ಮಾಡಿದ್ದಾರೆ. ಆದ್ರೆ ಚೀಟಿಯಲ್ಲಿ ಬರೆದ ಎರಡು ಪದಕ್ಕಿಂತ ದೊಡ್ಡ ಜಾಹೀರಾತು ಬೇಕಾ?

ಡಬ್ಬಿ ತಗೊಳ್ಳದೆ ಸೀದಾ ಮೈಸೂರಿಗೆ ಹೋದೆವು. ಅಲ್ಲಿ ಸಿಕ್ಕ ಮಕ್ಕಳ ಡಾಕ್ಟರು ವಯಸ್ಸಾದ ಹೆಂಗಸು. ಮೊದಲು ಮಗುವನ್ನ ತೂಕಕ್ಕಿಟ್ಟರು. ಹೊಟ್ಟೆ ಒತ್ತಿ ನೋಡಿದರು, ಮೆತ್ತಗಿತ್ತು. ಆಮೇಲೆ ಕೇಳಿದ್ದು ಮೂರೇ ಪ್ರಶ್ನೆ. ದಿನಕ್ಕೆ ಎಷ್ಟು ಸಲ ಉಚ್ಚೆ ಹೊಯ್ಯುತ್ತೆ? ವಾಂತಿ ಇದೆಯಾ? ಹೋದ ಸಲ ಮಾಡಿದ ಕಕ್ಕದ ಬಣ್ಣ ಏನು?

ಉಚ್ಚೆ ಏಳೆಂಟು ಸಲ. ವಾಂತಿ ಇಲ್ಲ. ಬಣ್ಣ... ನಾನು ಬಾಯಿ ಬಿಡಲಿಲ್ಲ. ಅಪ್ಪ ಅನ್ನಿಸಿಕೊಂಡು ಏಳು ವಾರ ಆಗಿತ್ತು, ಒಂದು ಸಲವೂ ನಾನು ನೋಡಿರಲಿಲ್ಲ. ಉತ್ತರ ಕೊಟ್ಟಿದ್ದು ಅತ್ತೆ: "ಸಾಸಿವೆ ಅರೆದಂಗೆ ಹಳದಿ ಡಾಕ್ಟ್ರೆ."

"ಸರಿ, ಮನೆಗೆ ಹೋಗಿ. ಹಾಲು ಕುಡಿಸಿ. ಬೇರೆ ಏನೂ ಹಾಕಬೇಡಿ."

ಏಳನೇ ದಿನ ಬೆಳಗ್ಗೆ ಮಗು ಕಕ್ಕ ಮಾಡಿತು. ಹೇಗೆ ಅಂತ ವರ್ಣಿಸಲ್ಲ, ಅಜ್ಜಿಯ ಸೀರೆಗೆ ಗೊತ್ತು :) ಮೆತ್ತಗೆ, ಹಳದಿಯಾಗಿ, ಮಲಬದ್ಧತೆಯ ಸುಳಿವೂ ಇಲ್ಲದ ಹಾಗೆ.

ಕಥೆ ಇಲ್ಲಿಗೇ ಮುಗಿದಿದ್ದರೆ ಪೋಸ್ಟ್ ಬರೀತಿರಲಿಲ್ಲ. ಮುಂದಿನ ವಾರ ಎರಡು ದಿನ ಹಸಿರು ಬಣ್ಣದಲ್ಲಿ ಹೋಯ್ತು. ಮತ್ತೆ ಪಂಚಾಯ್ತಿ, ಮತ್ತೆ "ಹಾಲು ಕೆಟ್ಟದೆ", ಮತ್ತೆ ನನ್ನಾಕೆಯ ತಟ್ಟೆಯಿಂದ ಇನ್ನೊಂದು ಪದಾರ್ಥ ಮಾಯ. ಆಗ ಕೂತು ಓದೋಕೆ ಶುರು ಮಾಡಿದೆ. ಡಾಕ್ಟರಿಗೆ ಫೋನು ಮಾಡಿ ತಲೆ ತಿಂದೆ. ತಿಳಿದಿದ್ದು ಇಷ್ಟು.

ಹುಟ್ಟಿದ ಮಗುವಿನ ಮೊದಲ ಕಕ್ಕ ಕಪ್ಪು, ಡಾಂಬರಿನ ಥರ. ಮೂರು ನಾಲ್ಕನೇ ದಿನಕ್ಕೆ ಹಸಿರು ಕಂದು, ಐದನೇ ದಿನದ ಹೊತ್ತಿಗೆ ಹಳದಿ. ಮೊದಲ ತಿಂಗಳಲ್ಲಿ ಎದೆಹಾಲಿನ ಮಗು ಕುಡಿದಾಗಲೆಲ್ಲ ಮಾಡಬಹುದು, ದಿನಕ್ಕೆ ಎಂಟು ಹತ್ತು ಸಲ. ಅದು ಭೇದಿ ಅಲ್ಲ. ಹೊಟ್ಟೆಗೆ ಹಾಲು ಬಿದ್ದ ಕೂಡಲೇ ಕರುಳು ಜಾಗ ಮಾಡಿಕೊಡುತ್ತೆ, ಅಷ್ಟೇ. ಆರು ವಾರ ಕಳೆದ ಮೇಲೆ ಅದೇ ಮಗು ಐದು ದಿನಕ್ಕೊಮ್ಮೆ, ವಾರಕ್ಕೊಮ್ಮೆ ಮಾಡಬಹುದು. ಎದೆಹಾಲು ಹೆಚ್ಚುಕಮ್ಮಿ ಪೂರ್ತಿ ಮೈಗೆ ಹತ್ತೋದರಿಂದ ಹೊರಗೆ ಹಾಕೋಕೆ ಏನೂ ಉಳಿದಿರಲ್ಲ. ತೂಕ ಏರ್ತಿದೆ, ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ತಿದೆ, ಹೊಟ್ಟೆ ಮೆತ್ತಗಿದೆ, ಬಂದಾಗ ಮೆತ್ತಗೆ ಬರ್ತಿದೆ ಅಂದರೆ ಅದು ಮಲಬದ್ಧತೆ ಅಲ್ಲವೇ ಅಲ್ಲ. (ಮೊದಲ ತಿಂಗಳಲ್ಲೇ ದಿನಗಟ್ಟಲೆ ಮಾಡದಿದ್ದರೆ ಮಾತ್ರ ಹಾಲು ಸರಿಯಾಗಿ ಇಳೀತಿದೆಯಾ ಅಂತ ಡಾಕ್ಟರಿಗೆ ತೋರಿಸಬೇಕು.) ಮುಖ ಕೆಂಪಗೆ ಮಾಡಿಕೊಂಡು ಮುಕ್ಕೋದೂ ರೋಗ ಅಲ್ಲ. ಹೊಟ್ಟೆ ಒತ್ತಬೇಕು, ಕೆಳಗೆ ಸಡಿಲ ಬಿಡಬೇಕು, ಎರಡನ್ನೂ ಒಟ್ಟಿಗೆ ಮಾಡೋದನ್ನ ಮಗು ಇನ್ನೂ ಕಲೀತಾ ಇರುತ್ತೆ. ವೀಳ್ಯದೆಲೆ ತೊಟ್ಟು ಇಟ್ಟರೆ ಕಲಿಯೋದು ತಡ ಆಗುತ್ತೆ, ಗಾಯ ಬೇಗ ಆಗುತ್ತೆ.

ಹಸಿರು? ಪಿತ್ತದ ಬಣ್ಣವೇ ಹಸಿರು ಹಳದಿ. ಕರುಳಿನಲ್ಲಿ ಬೇಗ ಸಾಗಿಬಿಟ್ಟರೆ ಬಣ್ಣ ಬದಲಾಗೋಕೆ ಸಮಯ ಸಿಗಲ್ಲ, ಹಸಿರಾಗೇ ಹೊರಗೆ ಬರುತ್ತೆ. ಒಂದು ಕಡೆ ಪೂರ್ತಿ ಕುಡಿಯೋ ಮೊದಲೇ ಇನ್ನೊಂದು ಕಡೆಗೆ ಬದಲಾಯಿಸ್ತಾ ಇದ್ದರೆ, ಸಣ್ಣ ನೆಗಡಿ ಇದ್ದರೆ, ಕಬ್ಬಿಣದ ಡ್ರಾಪ್ಸ್ ಹಾಕ್ತಿದ್ದರೆ ಹೀಗಾಗುತ್ತೆ. ಮಗು ಆಡಿಕೊಂಡು ಇದ್ದರೆ ಹೆದರೋ ಮಾತೇ ಇಲ್ಲ.

ಈಗ ಬನ್ನಿ, "ಎಲ್ಲಾ ನನ್ನಿಂದಲೇ ಅಂತೆ" ಅನ್ನೋ ಮಾತಿಗೆ.

ಐದು ದಿನ ಮಾಡದಿದ್ದರೆ ತಾಯಿಯ ತಪ್ಪು. ಹತ್ತು ಸಲ ಮಾಡಿದರೆ ತಾಯಿಯ ತಪ್ಪು. ಹಸಿರಾದರೆ ತಾಯಿಯ ತಪ್ಪು. ಮೊಸರು ತಿಂದರೆ ಶೀತ, ಮಾವು ತಿಂದರೆ ಉಷ್ಣ, ಬೇಳೆ ತಿಂದರೆ ವಾಯು. ಸ್ವಾಮಿ, ಎದೆಹಾಲು ಅಡುಗೆಮನೆಯ ಪಾತ್ರೆಯಲ್ಲಿಟ್ಟ ಹಾಲಲ್ಲ, ಮಧ್ಯಾಹ್ನದ ಬಿಸಿಲಿಗೆ ಕೆಡೋಕೆ. ಅದು ತಯಾರಾಗೋದು ರಕ್ತದಿಂದ. ತಿಂದ ಮೊಸರು ಮೊಸರಾಗೇ ಎದೆಗೆ ಇಳಿಯಲ್ಲ. ತಾಯಿ ಕುಡಿದ ಹಸುವಿನ ಹಾಲಿನ ಪ್ರೋಟೀನು ಕೆಲವೇ ಕೆಲವು ಮಕ್ಕಳಿಗೆ ಒಗ್ಗಲ್ಲ ಅನ್ನೋದು ನಿಜ. ಆಗ ಕಕ್ಕದಲ್ಲಿ ಲೋಳೆ, ರಕ್ತದ ಎಳೆ ಕಾಣುತ್ತೆ, ಅದನ್ನ ತೀರ್ಮಾನಿಸಬೇಕಾದ್ದು ಡಾಕ್ಟರು. ಅದನ್ನ ಬಿಟ್ಟರೆ ಬಾಣಂತಿಯ ತಟ್ಟೆಗೂ ಮಗುವಿನ ಬಟ್ಟೆಗೂ ನೀವು ಕಟ್ಟಿರೋ ಸಂಬಂಧ ಬರೀ ಅನುಮಾನ. ಕರ್ನಾಟಕದಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಹೆಂಗಸರಿಗೆ ರಕ್ತಹೀನತೆ ಇದೆ. ಅಂಥ ಕಡೆ, ಹೆತ್ತು ರಕ್ತ ಕಳಕೊಂಡು ಎರಡು ಜೀವಕ್ಕೆ ತಿನ್ನಬೇಕಾದವಳ ಮುಂದಿನಿಂದ ಸೊಪ್ಪು, ಬೇಳೆ, ಹಣ್ಣು, ನೀರು ಎತ್ತಿಡೋದಕ್ಕೆ ಪಥ್ಯ ಅಂತ ಹೆಸರು. ನಾನಂತೂ ಅದನ್ನ ಶಿಕ್ಷೆ ಅಂತ ಕರೀತೀನಿ.

"ನಾವೆಲ್ಲ ಬಜೆ ತಿಂದೇ ಬೆಳೆದಿದ್ದು, ಸತ್ತೋಗಿದ್ದೀವಾ?" ಅಂತ ಕಾಮೆಂಟ್ ಹಾಕೋರು ಇದ್ದೀರಿ, ಗೊತ್ತು. ಸತ್ತೋದ ಮಕ್ಕಳು ಬಂದು ಕಾಮೆಂಟ್ ಹಾಕಲ್ಲ ಗೆಳೆಯರೇ. ಅಜ್ಜಿಯನ್ನೇ ಕೇಳಿ, ಎಷ್ಟು ಹೆತ್ತರು, ಎಷ್ಟು ಉಳೀತು ಅಂತ. ಬಜೆಯಲ್ಲಿ ಅಸರೋನ್ ಅಂತ ಒಂದು ಅಂಶ ಇದೆ. ಅದರ ಕಾರಣಕ್ಕೇ ಅಮೆರಿಕದಲ್ಲಿ 1968ರಲ್ಲಿ ಬಜೆಯನ್ನ ಆಹಾರದಲ್ಲಿ ಬಳಸೋದನ್ನ ನಿಷೇಧ ಮಾಡಿದರು. ಅದು ಹೆಚ್ಚಾದರೆ ಮಗುವಿಗೆ ವಾಂತಿ, ಮಂಪರು. ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ ಕೂಡದು, ಅದರಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾ ಎಳೆ ಕರುಳಿನಲ್ಲಿ ವಿಷ ಮಾಡುತ್ತೆ. ಗ್ರೈಪ್ ವಾಟರ್ ನಮ್ಮ ಸಂಪ್ರದಾಯ ಅಂದುಕೊಂಡೋರಿಗೆ ಒಂದು ಮಾತು: ಅದು 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ವಿಲಿಯಂ ವುಡ್‌ವರ್ಡ್ ಅನ್ನೋ ಔಷಧಿ ವ್ಯಾಪಾರಿ ಮಾಡಿದ್ದು, ಮೂಲದಲ್ಲಿ ಅದರಲ್ಲಿ ಮದ್ಯಸಾರ ಇತ್ತು. ಮಗು ತಣ್ಣಗೆ ಮಲಗ್ತಿದ್ದಿದ್ದರಲ್ಲಿ ಆಶ್ಚರ್ಯ ಏನಿದೆ!

ಆದ್ರೆ ಅಜ್ಜಿಯನ್ನ ಬೈಯೋದು ಈ ಪೋಸ್ಟಿನ ಉದ್ದೇಶ ಅಲ್ಲ. ಉಲ್ಟಾ. ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ನೋಡೋ ಕಣ್ಣು ಅಜ್ಜಿಯದೇ. ಕೊಟ್ಟಿಗೆಗೆ ಹೋಗಿ ಸಗಣಿ ನೋಡಿ, ಇದು ಮೇವು ಒಗ್ಗಿಲ್ಲ, ಇದಕ್ಕೆ ಹೊಟ್ಟೆಯಲ್ಲಿ ಹುಳ ಅಂತ ಹೇಳ್ತಾರೆ. ಸುತ್ತೂರು ಜಾತ್ರೆಯ ದನಗಳ ಪರಿಷೆಯಲ್ಲಿ ಎತ್ತು ಕೊಳ್ಳೋಕೆ ಬಂದ ರೈತ ಹಲ್ಲು, ಸುಳಿ, ಗೊರಸು ನೋಡೋದರ ಜೊತೆಗೆ ಅದು ಹಾಕೋ ಸಗಣಿಯನ್ನೂ ನೋಡ್ತಾನೆ. ಎತ್ತಿಗೆ ಕೊಡೋ ಮರ್ಯಾದೆಯನ್ನ ನಮ್ಮ ಮಕ್ಕಳಿಗೆ ಕೊಡಿ ಅಂತಷ್ಟೇ ನಾನು ಕೇಳ್ತಿರೋದು. ಎಷ್ಟು ಸಲ ಅಂತ ಎಣಿಸೋದು ಬಿಟ್ಟು ಏನು ಬಣ್ಣ ಅಂತ ನೋಡಿ.

ಯಾಕೆ ಅಂದ್ರೆ ಎಣಿಸ್ತಾ ಕೂತು ಒಂದು ಮಗುವನ್ನ ಕಳಕೊಂಡದ್ದನ್ನ ನಾನು ಬಲ್ಲೆ.

ಇವಳ ನೆಂಟರ ಪೈಕಿ ಒಬ್ಬಳು ಹುಡುಗಿ. ನಮ್ಮ ಮಗುವಿನ ಸುದ್ದಿ ಕೇಳಿ ನೋಡೋಕೆ ಬಂದಿದ್ದಳು. ಎರಡು ವರ್ಷದ ಹಿಂದೆ ಅವಳಿಗೂ ಒಂದು ಗಂಡು ಮಗು ಆಗಿತ್ತು. ಹುಟ್ಟಿದಾಗ ಎಲ್ಲರ ಹಾಗೆ ಸ್ವಲ್ಪ ಕಾಮಾಲೆ. "ಎಳೆಬಿಸಿಲಿಗೆ ಹಿಡೀರಿ, ಹೋಗುತ್ತೆ" ಅಂತ ತೋರಿಸಿದ ಕಡೆಯಲ್ಲೆಲ್ಲ ಹೇಳಿದರು. ಹಿಡಿದರು. ಎರಡು ವಾರ, ನಾಲ್ಕು ವಾರ, ಎಂಟು ವಾರ. ಕಣ್ಣಿನ ಹಳದಿ ಹೋಗಲಿಲ್ಲ. ಮಗು ಹಾಲು ಕುಡೀತಿತ್ತು, ನಗ್ತಿತ್ತು. "ದಿನಕ್ಕೆ ಮೂರು ಸಲ ಸರಿಯಾಗಿ ಮಾಡ್ತಿತ್ತು ಅಣ್ಣ. ಲೆಕ್ಕ ಸರಿಯಾಗೇ ಇತ್ತು" ಅಂದಳು. ಬಣ್ಣ? "ಬೆಳ್ಳಗೆ. ಜೇಡಿಮಣ್ಣಿನ ಥರ. ಬರೀ ಹಾಲು ಕುಡಿಯುತ್ತಲ್ಲ, ಅದಕ್ಕೇ ಬೆಳ್ಳಗಿದೆ ಅಂದ್ಕೊಂಡ್ವಿ."

ಮೂರನೇ ತಿಂಗಳು ದಾಟಿದ ಮೇಲೆ ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಗೊತ್ತಾಯ್ತು, ಬಿಲಿಯರಿ ಅಟ್ರೀಸಿಯಾ ಅಂತ. ಲಿವರಿನಿಂದ ಕರುಳಿಗೆ ಪಿತ್ತ ಹರಿಸೋ ನಾಳಗಳು ಮುಚ್ಚಿಹೋಗೋ ಕಾಯಿಲೆ. ಕಕ್ಕಕ್ಕೆ ಹಳದಿ, ಹಸಿರು, ಕಂದು ಏನೇ ಬಣ್ಣ ಬಂದರೂ ಬರೋದು ಪಿತ್ತದಿಂದ. ಪಿತ್ತ ಕರುಳಿಗೆ ಇಳಿಯದಿದ್ದರೆ ಕಕ್ಕ ಬಿಳಿಚಿಕೊಳ್ಳುತ್ತೆ. ಪಿತ್ತ ಲಿವರಿನಲ್ಲೇ ನಿಂತು ಲಿವರನ್ನೇ ಸುಡುತ್ತೆ. ಸಾವಿರಾರು ಮಕ್ಕಳಲ್ಲಿ ಒಂದಕ್ಕೆ ಬರೋ ಕಾಯಿಲೆ. ಆದ್ರೆ ಇದಕ್ಕೆ ದಾರಿ ಇಲ್ಲದೇ ಇಲ್ಲ. ಜಪಾನಿನ ಮೋರಿಯೊ ಕಸಾಯ್ ಅನ್ನೋ ಸರ್ಜನ್ 1950ರ ದಶಕದಲ್ಲೇ ಕರುಳನ್ನ ನೇರವಾಗಿ ಲಿವರಿಗೆ ಜೋಡಿಸೋ ಆಪರೇಷನ್ ಕಂಡುಹಿಡಿದರು. ಮಗುವಿಗೆ 60 ದಿನ ತುಂಬೋ ಒಳಗೆ ಮಾಡಿದರೆ ಪಿತ್ತ ಹರಿಯೋ ಸಾಧ್ಯತೆ ಚೆನ್ನಾಗಿದೆ. ತಡ ಆದಷ್ಟೂ ಕಡಿಮೆ. ಆಮೇಲೆ ಉಳಿಯೋದು ಲಿವರ್ ಕಸಿ.

ಆ ಮಗುವಿಗೆ ಆಪರೇಷನ್ ಆಯ್ತು. ಪಿತ್ತ ಹರಿಯಲಿಲ್ಲ. ಮೊದಲ ಹುಟ್ಟುಹಬ್ಬ ಬರಲಿಲ್ಲ.

ಆಫೀಸಿನಲ್ಲಿ ನಮ್ಮ ಕೆಲಸ ಇದೇ ತಾನೇ? ಸರ್ವರ್ ಉತ್ತರ ಕೊಡ್ತಾ ಇದೆ, ರಿಕ್ವೆಸ್ಟ್ ಕೌಂಟ್ ಸರಿಯಾಗಿದೆ ಅಂತ ಖುಷಿಯಾಗಿರ್ತೀವಿ. ಲಾಗ್ ತೆರೆದು ನೋಡಿದರೆ ಎರಡು ತಿಂಗಳಿಂದ ಅದೇ ಎರರ್ ಮೆಸೇಜು ಪ್ರತಿದಿನ ಮೂರು ಸಲ ಬರ್ತಾ ಇರುತ್ತೆ. ಓದೋರಿರಲ್ಲ. ಆ ಮಗು ಪ್ರತಿದಿನ ಮೂರು ಸಲ ಹೇಳ್ತಾ ಇತ್ತು. ಬಟ್ಟೆ ತೊಳೆದವರೆಲ್ಲ ಕಣ್ಣಾರೆ ನೋಡಿದ್ದರು. ಬಿಳಿ ಅಂದರೆ ಅಪಾಯ ಅಂತ ಒಬ್ಬರೂ ಅವರಿಗೆ ಹೇಳಿರಲಿಲ್ಲ. ಮೊಸರು ತಿನ್ನಬೇಡ ಅಂತ ಹೇಳೋಕೆ ಇಡೀ ಬೀದಿಯೇ ಇತ್ತು.

ಇದು ದುಬಾರಿ ವಿದ್ಯೆಯೂ ಅಲ್ಲ. ತೈವಾನಿನವರು 2004ರಿಂದ ಪ್ರತಿ ಮಗುವಿನ ಆರೋಗ್ಯ ಪುಸ್ತಕದಲ್ಲಿ ಕಕ್ಕದ ಬಣ್ಣಗಳ ಒಂದು ಪಟ್ಟಿ ಮುದ್ರಿಸಿ ಕೊಡ್ತಿದ್ದಾರೆ. ಈ ಕಡೆಯ ಬಣ್ಣಗಳು ಸರಿ, ಆ ಕಡೆಯ ಬಣ್ಣಗಳಾದರೆ ಫೋನ್ ಮಾಡಿ, ಅಷ್ಟೇ. ಅದಾದ ಮೇಲೆ ಅಲ್ಲಿ 60 ದಿನದೊಳಗೆ ಆಪರೇಷನ್ ಆಗೋ ಮಕ್ಕಳ ಪ್ರಮಾಣ ಏರಿತು. ಯಂತ್ರ ಇಲ್ಲ, ಲ್ಯಾಬ್ ಇಲ್ಲ. ಒಂದು ಬಣ್ಣದ ಕಾಗದ ಮತ್ತು ಅಮ್ಮನ ಕಣ್ಣು.

ನಮ್ಮಲ್ಲಿ ಆಶಾ ಕಾರ್ಯಕರ್ತೆ ಆಸ್ಪತ್ರೆಯಲ್ಲಿ ಹುಟ್ಟಿದ ಮಗುವನ್ನ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬಂದು ನೋಡಬೇಕು ಅಂತ ನಿಯಮ ಇದೆ. ಆರೂ ಭೇಟಿ 60 ದಿನದ ಒಳಗೇ ಬರುತ್ತೆ, ಲೆಕ್ಕ ಹಾಕಿ ನೋಡಿ. ಅವರ ಕೈಯಲ್ಲಿ ಒಂದು ಬಣ್ಣದ ಪಟ್ಟಿ ಇರಲಿ. ಪ್ರತಿ ತಾಯಿ ಕಾರ್ಡಿನಲ್ಲೂ ಇರಲಿ. ಸುತ್ತೂರು ಜಾತ್ರೆಗೆ ಆರು ದಿನದಲ್ಲಿ ಲಕ್ಷಾಂತರ ಜನ ಬರ್ತಾರೆ. ಕೃಷಿ ಮೇಳದಲ್ಲಿ ಭತ್ತದ ಎಲೆಯ ಬಣ್ಣ ನೋಡಿ ಗೊಬ್ಬರ ಎಷ್ಟು ಬೇಕು ಅಂತ ತಿಳಿಯೋದನ್ನ ರೈತರಿಗೆ ಹೇಳಿಕೊಡಬಹುದಾದರೆ, ಪಕ್ಕದಲ್ಲೇ ಒಂದು ಮೇಜು ಹಾಕಿ ಮಗುವಿನ ಕಕ್ಕದ ಬಣ್ಣವನ್ನೂ ಹೇಳಿಕೊಡಬಹುದು. ಮೆಡಿಕಲ್ ಕಾಲೇಜು ನಡೆಸೋ ಮಠ ಇರೋ ಊರಿನಲ್ಲಿ ಇದು ದೊಡ್ಡ ಮಾತಾ?

ಅದಾಗೋವರೆಗೆ ನೀವು ಇಷ್ಟನ್ನ ನೆನಪಿಟ್ಟುಕೊಳ್ಳಿ, ಮನೆಯಲ್ಲಿ ಹೇಳಿ. ಬಿಳಿ, ಬೂದಿ, ಜೇಡಿಮಣ್ಣು, ತೀರಾ ಬಿಳಿಚಿದ ಹಳದಿ ಬಂದರೆ ಒಂದು ದಿನವೂ ಕಾಯಬೇಡಿ. ಹದಿನಾಲ್ಕು ದಿನ ದಾಟಿದರೂ ಕಾಮಾಲೆ ಇದ್ದರೆ ಬಿಸಿಲು ಸಾಕು, ರಕ್ತ ಪರೀಕ್ಷೆ ಮಾಡಿಸಿ, ಡೈರೆಕ್ಟ್ ಬಿಲಿರುಬಿನ್ ನೋಡಿ ಅಂತ ಬಾಯಿ ಬಿಟ್ಟು ಕೇಳಿ. ಹಸುಗೂಸಿನ ಉಚ್ಚೆಗೆ ಬಣ್ಣ ಇರಬಾರದು, ಬಟ್ಟೆಗೆ ಹಳದಿ ಕಲೆ ಹಿಡಿದರೆ ಅದೂ ಸುಳಿವೇ. (ಅಜ್ಜಿಯ ಹಳೇ ಪಂಚೆ ಬಟ್ಟೆಯಲ್ಲಿ ಅದು ಥಟ್ಟಂತ ಕಾಣುತ್ತೆ. ನಾನು ಸೂಪರ್ ಮಾರ್ಕೆಟ್ಟಿನಿಂದ ತಂದ ಡೈಪರಿನಲ್ಲಿ ಕಾಣೋದು ಕಷ್ಟ. ಒಂದು ಪಾಯಿಂಟು ಅಜ್ಜಿಗೆ.) ಮೊದಲ ವಾರ ಕಳೆದ ಮೇಲೆ ಡಾಂಬರಿನ ಕಪ್ಪು, ಅಥವಾ ರಕ್ತ ಕಂಡರೆ ತೋರಿಸಿ. ರಕ್ತದ ಜೊತೆ ವಾಂತಿ, ಬಿಟ್ಟು ಬಿಟ್ಟು ಕಿರುಚಿ ಅಳೋದು ಇದ್ದರೆ ಆ ಕ್ಷಣವೇ ಓಡಿ. ಇದ್ದಕ್ಕಿದ್ದ ಹಾಗೆ ನೀರಾಗಿ ಹೋಗ್ತಾ ಇದ್ದು, ಜ್ವರ, ಸುಸ್ತು, ಉಚ್ಚೆ ಕಮ್ಮಿ ಆದರೆ ಅದು ನಿಜವಾದ ಭೇದಿ. ಆಗಲೂ ಎದೆಹಾಲು ನಿಲ್ಲಿಸಬೇಡಿ, ಡಾಕ್ಟರ ಹತ್ತಿರ ಕರಕೊಂಡು ಹೋಗಿ. ಎರಡು ತಿಂಗಳೊಳಗಿನ ಮಗುವಾದರೆ ಮನೆಮದ್ದಿಗೆ ಒಂದು ಗಂಟೆಯನ್ನೂ ಕೊಡಬೇಡಿ.

ಕೊನೆಯದಾಗಿ ಗಂಡಸರಿಗೆ. ಈ ಬ್ಲಾಗ್ ಓದೋರಲ್ಲಿ ಹೊಸದಾಗಿ ಅಪ್ಪ ಆದೋರು, ಆಗಲಿರೋರು ಬೇಕಾದಷ್ಟು ಜನ ಇದ್ದೀರಿ. ಡಾಕ್ಟರು ಬಣ್ಣ ಏನು ಅಂತ ಕೇಳಿದಾಗ ನಾನು ತಲೆ ತಗ್ಗಿಸಿ ನಿಂತ ಹಾಗೆ ನೀವು ನಿಲ್ಲಬೇಡಿ. ಬಟ್ಟೆ ಬದಲಾಯಿಸಿ, ತೊಳೀರಿ, ನೋಡಿ. ನೀವು ನೋಡಿದ್ದರೆ ಮುಂದಿನ ಪಂಚಾಯ್ತಿಯಲ್ಲಿ ನಿಮ್ಮಾಕೆ ಗೋಡೆಗೆ ಒರಗಿ ಒಬ್ಬಳೇ ಕೂರಬೇಕಾಗಿಲ್ಲ. ಪಕ್ಕದಲ್ಲಿ ಒಬ್ಬ ಸಾಕ್ಷಿ ಇರ್ತಾನೆ.

ನಿಮ್ಮ ಮನೆಗಳಲ್ಲಿ ಯಾವ ಬಣ್ಣಕ್ಕೆ ಯಾರನ್ನ ಬೈದರು, ಬರೀರಿ. ಜಗಳಕ್ಕೂ ನಾನು ರೆಡಿ.

ತಾ.ಕ.: ಇವಳು ಈಗ ಮೊಸರನ್ನ ತಿಂತಿದ್ದಾಳೆ. ನಿನ್ನೆ ಅಜ್ಜಿ ಫೋನಿನಲ್ಲಿ ಮೊದಲು ಕೇಳಿದ್ದು "ಎಷ್ಟು ಸಲ ಮಾಡ್ತು?" ಅಂತ ಅಲ್ಲ. "ಬಣ್ಣ ಎಂಗದೆ ಮಗ?" ಅಂತ.